ಎಡಪುಟ ಥಾಯ್, ಬಲಪುಟ ಜಪಾನ್

ಎರ್ನಾಕುಲಂನ ಪನಂಪಿಳ್ಳಿ ನಗರದ ಒಂದು ಅಡ್ಡರಸ್ತೆಯಲ್ಲಿ, ಬಟ್ಟೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ, ಹತ್ತು ಹನ್ನೆರಡು ಮೇಜುಗಳ ಪುಟ್ಟ ರೆಸ್ಟೋರೆಂಟ್ ಇದೆ. ಮೆನು ಕಾರ್ಡ್ ಬಿಡಿಸಿದರೆ ಎಡಪುಟ ಪೂರ್ತಿ ಥಾಯ್ಲೆಂಡ್, ಬಲಪುಟ ಪೂರ್ತಿ ಜಪಾನ್. ಎಡಗಡೆ ಹಸಿರು ಕರಿ, ಟಾಮ್ ಯಮ್ ಸೂಪು, ಎಳೆ ಪಪ್ಪಾಯಿಯ ಸಲಾಡ್, ಪ್ಯಾಡ್ ಥಾಯ್. ಬಲಗಡೆ ಸುಶಿ, ರಾಮೆನ್, ಟೆಂಪುರಾ, ಕಾತ್ಸು ಕರಿ. ಹೆಚ್ಚು ದೂರವೇನಿಲ್ಲ, ಇದೇ ಪನಂಪಿಳ್ಳಿ ನಗರದಲ್ಲೇ ಸಮುದ್ರೋತ್ಪನ್ನ ರಫ್ತು ಅಭಿವೃದ್ಧಿ ಪ್ರಾಧಿಕಾರದ ಪ್ರಧಾನ ಕಚೇರಿಯೂ ಇದೆ. ಭಾರತದ ಸಿಗಡಿ, ಬೊಂಡಾಸ, ಮೀನು ಹೊರದೇಶಕ್ಕೆ ಹೋಗುವುದನ್ನು 1972ರಿಂದ ನೋಡಿಕೊಳ್ಳುತ್ತಿರುವ ಸಂಸ್ಥೆ ಅದು. ನಮ್ಮ ಕಡಲಿನದು ಜಪಾನಿಗೆ ಹೋಗುವ ದಾರಿಯನ್ನು ಕಾಯುವ ಕಚೇರಿ, ಜಪಾನಿನ ಊಟ ನಮ್ಮ ಮೇಜಿಗೆ ಬರುವ ಹೋಟೆಲು ಎರಡೂ ಒಂದೇ ಬಡಾವಣೆಯಲ್ಲಿರುವುದರಿಂದಲೇ ಈ ಊಟದ ಬಗ್ಗೆ ಬರೆಯಬೇಕೆನಿಸಿತು.

ಕರೆದುಕೊಂಡು ಹೋದವಳು ಅಕ್ಕನ ಮಗಳು. ಕಾಕ್ಕನಾಡಿನ ಇನ್ಫೋಪಾರ್ಕಿನಲ್ಲಿ ಕೆಲಸ ಮಾಡುತ್ತಾಳೆ. ಕಾಸರಗೋಡಿನಲ್ಲಿ ವಂದೇ ಭಾರತ್ ಹತ್ತಿ ಬಂದಿದ್ದ ಅಕ್ಕನೂ ಜೊತೆಗಿದ್ದಳು. ಅಕ್ಕ ಮಂಜೇಶ್ವರದವಳು, ಮೀನಿನ ಕಿವಿರು ಎತ್ತಿ ನೋಡದೆ ಬುಟ್ಟಿಗೆ ಹಾಕಿಕೊಳ್ಳುವವಳಲ್ಲ. ಇಂಥ ಊಟ ಈ ಊರಿನಲ್ಲಿ ಬಹುಕಾಲ ಸ್ಟಾರ್ ಹೋಟೆಲುಗಳ ಒಳಗೇ ಉಳಿದಿತ್ತು. ಬೋಳ್ಗಾಟ್ಟಿ ದ್ವೀಪದಲ್ಲಿ 2018ರಲ್ಲಿ ಬಾಗಿಲು ತೆರೆದ ಗ್ರ್ಯಾಂಡ್ ಹಯಾತ್‌ನ ‘ಥಾಯ್ ಸೋಲ್’ ಅಂಥದ್ದೊಂದು. ಈಗ ಆಫೀಸು ಮುಗಿಸಿದ ಹುಡುಗ ಹುಡುಗಿಯರು ಬ್ಯಾಗನ್ನು ಕುರ್ಚಿಗೆ ನೇತುಹಾಕಿ, ತಮಗೆ ನಿಲುಕುವ ಬೆಲೆಯಲ್ಲಿ ಒಂದು ಬಟ್ಟಲು ರಾಮೆನ್ ತಿಂದು ಹೋಗುತ್ತಾರೆ. ಇದು ಒಳ್ಳೆಯ ಬದಲಾವಣೆ ಎಂದೇ ನಾನು ನಂಬಿದ್ದೇನೆ.

ಎರಡು ದೇಶಗಳ ಅಡುಗೆ ಒಂದೇ ಒಲೆಯ ಹತ್ತಿರ ಏಕೆ ಸೇರಿತು? ಸ್ವಭಾವದಲ್ಲಿ ಇವು ದೂರದೂರದವು. ಥಾಯ್ ಅಡುಗೆ ಹುಳಿ, ಖಾರ, ಸಿಹಿ, ಉಪ್ಪು ನಾಲ್ಕನ್ನೂ ಒಂದೇ ತುತ್ತಿನಲ್ಲಿ ಎದುರಿಗಿಡುತ್ತದೆ. ಜಪಾನಿ ಅಡುಗೆ ಒಂದು ಪದಾರ್ಥವನ್ನು ಮುಂದೆ ಬಿಟ್ಟು ಉಳಿದದ್ದನ್ನೆಲ್ಲ ಹಿಂದೆ ನಿಲ್ಲಿಸುತ್ತದೆ. ಸೇರಿಸಿದ್ದು ಅಡುಗೆಮನೆಯ ಲೆಕ್ಕಾಚಾರ. ಸುಶಿಗೆ ಬೆಂಕಿ ಬೇಕಿಲ್ಲ, ಚೂರಿ ಮತ್ತು ಹಲಗೆ ಸಾಕು. ಥಾಯ್ ಬಾಣಲೆಗೆ ದೊಡ್ಡ ಉರಿ ಬೇಕು. ರಾತ್ರಿ ಎಂಟೂವರೆಗೆ ಎಲ್ಲ ಮೇಜೂ ತುಂಬಿದಾಗ ಕೆಲಸ ಎರಡು ಕಡೆ ಹಂಚಿಹೋಗುತ್ತದೆ. ಸಿಗಡಿ, ಕೋಳಿ, ಸೋಯಾ ಸಾಸ್, ಈರುಳ್ಳಿ ಹೂ, ಶುಂಠಿ ಎರಡಕ್ಕೂ ಸಲ್ಲುತ್ತವೆ. ನಾಲ್ವರು ಬಂದು ಇಬ್ಬರಿಗೆ ಹಸಿ ಮೀನು ಬೇಡವಾದರೂ ಮೇಜು ಕೈತಪ್ಪುವುದಿಲ್ಲ.

ಮೊದಲು ಪಪ್ಪಾಯಿ ಸಲಾಡ್ ಬಂತು. ಎಳೆ ಪಪ್ಪಾಯಿಯ ತುರಿ, ಹುರಿದ ಕಡಲೆಕಾಯಿ, ಅಲಸಂಡೆ, ನಿಂಬೆರಸ, ತಾಳೆಬೆಲ್ಲ, ಮೀನಿನ ಸಾಸ್, ಹಸಿಮೆಣಸು. ಅಕ್ಕ ಒಂದು ತುತ್ತು ಬಾಯಿಗಿಟ್ಟು, “ಇದರಲ್ಲಿರುವುದು ನಮ್ಮ ಒಣ ಸಿಗಡಿಯೇ ಅಲ್ವಾ ಮಾರಾಯಾ?” ಎಂದಳು. ಹೌದು, ಒಣ ಸಿಗಡಿಯೇ. ಮಳೆಗಾಲದಲ್ಲಿ ಹಸಿಮೀನು ಸಿಗದಾಗ ಅದನ್ನು ಕೆಂಡದಲ್ಲಿ ಸುಟ್ಟು, ತೆಂಗಿನಕಾಯಿ, ಹುಳಿ, ಒಣಮೆಣಸು ಸೇರಿಸಿ ಚಟ್ನಿ ರುಬ್ಬುವ ಮನೆಗಳಲ್ಲಿ ಬೆಳೆದವರಿಗೆ ಈ ಸಲಾಡ್ ವಿದೇಶಿ ಅನಿಸುವುದೇ ಇಲ್ಲ.

ಹಸಿರು ಕರಿಯ ಮಾತು ಬೇರೆ, ಸ್ವಲ್ಪ ದೀರ್ಘವಾಗಿಯೇ ಹೇಳಬೇಕು. ನಮ್ಮ ಕಡೆ ಮೀನು ಮೊಯ್ಲಿಯಿರಲಿ, ಪಾಯಸವಿರಲಿ, ತೆಂಗಿನ ಮೊದಲ ಹಾಲನ್ನು ಕೊನೆಯಲ್ಲಿ ಸುರಿದು ಕುದಿ ಬರುವ ಮೊದಲೇ ಒಲೆಯಿಂದ ಇಳಿಸುತ್ತೇವೆ. ಒಡೆದರೆ ಅಡುಗೆ ಕೆಟ್ಟಿತೆಂದೇ ಲೆಕ್ಕ. ಥಾಯ್ ಅಡುಗೆಯವರು ಇದಕ್ಕೆ ನೇರ ತಿರುಗುಮುರುಗು. ಗಟ್ಟಿ ಹಾಲನ್ನೇ ಮೊದಲು ಬಾಣಲೆಗೆ ಹಾಕಿ, ಅದು ಒಡೆದು ಎಣ್ಣೆ ಬಿಡುವ ತನಕ ಕಾಯಿಸುತ್ತಾರೆ. ಆ ಎಣ್ಣೆಯಲ್ಲೇ ಹಸಿಮೆಣಸು, ಮಜ್ಜಿಗೆ ಹುಲ್ಲು, ಗಲಂಗಲ್, ಕೊತ್ತಂಬರಿ ಬೇರು, ಸಿಗಡಿಯ ಪೇಸ್ಟ್ ಸೇರಿಸಿ ಕುಟ್ಟಿದ ಮಸಾಲೆಯನ್ನು ಹುರಿಯುತ್ತಾರೆ. ತೆಳುವಾದ ಹಾಲು ಆಮೇಲೆ. ಕರಿಯ ಮೇಲೆ ತೇಲುವ ಹಸಿರು ಎಣ್ಣೆಯ ಹನಿಗಳು ಕೆಲಸ ಸರಿಯಾಗಿ ಆಗಿದೆಯೆನ್ನುವುದರ ಗುರುತು. ನಮ್ಮ ಮೇಜಿಗೆ ಬಂದ ಬಟ್ಟಲಿನಲ್ಲಿ ಆ ಹನಿಗಳಿರಲಿಲ್ಲ. ಕೇಳಿದಾಗ ಪ್ಯಾಕೆಟ್ಟಿನ ತೆಂಗಿನ ಹಾಲು ಬಳಸುತ್ತೇವೆ ಎಂದರು. ಪ್ಯಾಕೆಟ್ಟಿನ ಹಾಲು ಒಡೆಯದ ಹಾಗೆ ಅದಕ್ಕೆ ಸ್ಥಿರಕಾರಕಗಳನ್ನು ಬೆರೆಸಿರುತ್ತಾರೆ. ಎಷ್ಟು ಕುದಿಸಿದರೂ ಅದು ಸುಲಭಕ್ಕೆ ಎಣ್ಣೆ ಬಿಡುವುದಿಲ್ಲ, ಮಸಾಲೆ ಹುರಿಯುವ ಬದಲು ಬೇಯುತ್ತದೆ. ಬೀದಿಬೀದಿಯಲ್ಲಿ ತೆಂಗಿನಕಾಯಿ ಸಿಗುವ ಕೇರಳದಲ್ಲಿ ಹಸಿರು ಕರಿಗೆ ಈ ಗತಿ ಬರಬಾರದು. ಬೆಳಿಗ್ಗೆ ಹತ್ತು ಕಾಯಿ ತುರಿದು ಹಿಂಡಿದರೆ ಇಲ್ಲಿ ಬ್ಯಾಂಕಾಕಿನ ಮಟ್ಟದ ಕರಿ ಮಾಡಬಹುದು.

ಮಜ್ಜಿಗೆ ಹುಲ್ಲಿಗೂ ಇದೇ ಮಾತು. ಟಾಮ್ ಯಮ್ ಸೂಪಿನ ಘಮಕ್ಕೆ ಕಾರಣವಾದ ಈ ಹುಲ್ಲಿನ ಇನ್ನೊಂದು ಜಾತಿಯಿಂದ ತೆಗೆದ ತೈಲ ಜಗತ್ತಿನ ಸುಗಂಧ ವ್ಯಾಪಾರದಲ್ಲಿ ‘ಕೊಚ್ಚಿನ್ ಆಯಿಲ್’ ಎಂದೇ ಹೆಸರಾಗಿತ್ತು, ಏಕೆಂದರೆ ಅದು ಹಡಗು ಹತ್ತುತ್ತಿದ್ದುದು ಇಲ್ಲಿನ ಕೊಚ್ಚಿ ಬಂದರಿನಲ್ಲಿ. ಎರ್ನಾಕುಲಂ ಜಿಲ್ಲೆಯ ಓಡಕ್ಕಾಲಿಯಲ್ಲಿ 1951ರಲ್ಲಿ ಈ ಹುಲ್ಲಿಗೆಂದೇ ಸಂಶೋಧನಾ ಕೇಂದ್ರ ತೆರೆದರು. ಈಗ ಅದು ಕೇರಳ ಕೃಷಿ ವಿಶ್ವವಿದ್ಯಾಲಯದ ಸುಗಂಧ ಮತ್ತು ಔಷಧೀಯ ಸಸ್ಯಗಳ ಕೇಂದ್ರ. ಕೋಳಿಯ ಜೊತೆ ಬಾಡಿಸಿ ಕೊಡುವ ಥಾಯ್ ಕಪ್ರಾವ್ ಎಲೆ ನಮ್ಮ ತುಳಸಿಯೇ. ತಟ್ಟೆಯಲ್ಲಿ ಅದನ್ನು ಗುರುತಿಸಿದ ಅಕ್ಕ ಕೋಳಿಯನ್ನು ಮಾತ್ರ ತಿಂದು ಎಲೆಗಳನ್ನು ಬದಿಗಿಟ್ಟಳು. ಅಂಗಳದ ಕಟ್ಟೆಯಲ್ಲಿ ದೀಪವಿಟ್ಟು ಪೂಜಿಸುವ ಎಲೆಯನ್ನು ಮಾಂಸದ ಜೊತೆ ತಿನ್ನಲು ಅವಳಿಗೆ ಮನಸ್ಸು ಬರಲಿಲ್ಲ. ಮಗಳೂ ಒತ್ತಾಯ ಮಾಡಲಿಲ್ಲ.

ಎಡಪುಟದಿಂದ ಬಲಪುಟಕ್ಕೆ ದಾಟುವ ಮೊದಲು ಕೇರಳ, ಥಾಯ್ಲೆಂಡ್, ಜಪಾನ್ ಈ ಮೂರು ನೆಲಗಳನ್ನು ಹಿಂದೆಯೇ ಜೋಡಿಸಿದವರ ಮಾತು ಬಂದೇ ಬರುತ್ತದೆ. ಪೋರ್ಚುಗೀಸರು ಕೊಚ್ಚಿಗೆ ಬಂದದ್ದು 1500ರಲ್ಲಿ. ಮಲಾಕ್ಕಾವನ್ನು ಗೆದ್ದ 1511ರಲ್ಲೇ ಅವರ ದೂತ ಅಯುತ್ಥಯಾದ ಸಯಾಮಿ ದೊರೆಯನ್ನು ಕಂಡ. 1543ರಲ್ಲಿ ಅವರು ಜಪಾನಿನ ತನೆಗಶಿಮಾ ದ್ವೀಪ ತಲುಪಿದರು. ನಮ್ಮ ಮೆಣಸಿನಕಾಯಿ, ಪಪ್ಪಾಯಿ, ಕಡಲೆಕಾಯಿಗಳೆಲ್ಲ ಅಮೆರಿಕ ಖಂಡದಿಂದ ಹೊರಟು ಏಷ್ಯಾದ ಬಂದರುಗಳಿಗೆ ಇಳಿದದ್ದು ಅವರ ಕಾಲದ ಹಡಗು ದಾರಿಗಳಲ್ಲಿ. ತರಕಾರಿಗೆ ಹಿಟ್ಟು ಲೇಪಿಸಿ ಎಣ್ಣೆಯಲ್ಲಿ ಕರಿಯುವುದನ್ನು ಜಪಾನಿಗೆ ಕಲಿಸಿದವರೂ ಅವರೇ, ಟೆಂಪುರಾ ಹುಟ್ಟಿದ್ದು ಹಾಗೆ.

ಆದರೆ ಈ ನಂಟಿನ ಅತ್ಯುತ್ತಮ ಸಾಕ್ಷಿ ಯಾವ ಥಾಯ್-ಜಪಾನಿ ಮೆನುವಿನಲ್ಲೂ ನನಗೆ ಸಿಕ್ಕಿಲ್ಲ. ಕಾಸರಗೋಡಿನಿಂದ ಕೋಯಿಕ್ಕೋಡಿನವರೆಗೆ ಮಾಪಿಳ್ಳೆ ಮನೆಗಳಲ್ಲಿ ಮದುವೆಗೆ, ರಂಜಾನಿಗೆ ಮಾಡುವ ಮುಟ್ಟಮಾಲ ಗೊತ್ತಲ್ಲ. ಮೊಟ್ಟೆಯ ಹಳದಿಯನ್ನು ತೂತು ಕೊರೆದ ತೆಂಗಿನ ಚಿಪ್ಪಿನಿಂದ ಕುದಿಯುವ ಸಕ್ಕರೆ ಪಾಕಕ್ಕೆ ಎಳೆ ಎಳೆಯಾಗಿ ಬಿಟ್ಟು, ಚಿನ್ನದ ಬಣ್ಣದ ಸರವನ್ನು ಎತ್ತಿ ತಟ್ಟೆಗೆ ಹಾಕುತ್ತಾರೆ. ಬಿಳಿಭಾಗ ವ್ಯರ್ಥವಾಗದಂತೆ ಅದನ್ನು ಪಿಂಜಾಣತ್ತಪ್ಪವಾಗಿ ಬೇಯಿಸುತ್ತಾರೆ. ಇದೇ ಎಳೆಗಳು ಥಾಯ್ಲೆಂಡಿನಲ್ಲಿ ಫೊಯ್ ಥೋಂಗ್ ಎಂಬ ಮದುವೆಯ ಸಿಹಿ. ಜಪಾನಿನ ಫುಕುವೊಕಾದಲ್ಲಿ ಹದಿನೇಳನೇ ಶತಮಾನದಿಂದ ಮಾಡುವ ಕೇರಾನ್ ಸೋಮೆನ್ ಕೂಡ ಇದೇ. ಥಾಯ್ಲೆಂಡಿನಲ್ಲಿ ಈ ಸಿಹಿಯನ್ನು ಅರಮನೆಯ ಅಡುಗೆಮನೆಗೆ ತಂದವಳೆಂದು ಜನ ನೆನೆಯುವುದು ಅಯುತ್ಥಯಾದಲ್ಲಿ ಬಾಳಿದ ಮರಿಯಾ ಗುಯೊಮಾರ್ ದೆ ಪಿನ್ಯಾ ಎಂಬ ಹೆಣ್ಣುಮಗಳನ್ನು; ಅವಳ ಮನೆತನದಲ್ಲಿ ಜಪಾನಿ, ಪೋರ್ಚುಗೀಸ್ ಮತ್ತು ಬಂಗಾಳದ ರಕ್ತ ಬೆರೆತಿತ್ತು. ಮೂರು ಕರಾವಳಿ, ಒಂದೇ ಸಿಹಿ. ಪಕ್ಕದ ಮನೆಯ ಮದುವೆಗಳಲ್ಲಿ ಮುಟ್ಟಮಾಲ ತಿಂದೇ ಬೆಳೆದ ಅಕ್ಕನಿಗೆ ಇದನ್ನು ಹೇಳಿದಾಗ ಅವಳು ಮೆನು ಕಾರ್ಡನ್ನು ತಿರುಗಿಸಿ ಕೊನೆಯ ಪುಟ ನೋಡಿದಳು. ಅಲ್ಲಿದ್ದದ್ದು ಮಾವಿನಹಣ್ಣಿನ ಜೊತೆ ಅಂಟಕ್ಕಿ ಅನ್ನ ಮತ್ತು ಗ್ರೀನ್ ಟೀ ಐಸ್‌ಕ್ರೀಮ್. ಥಾಯ್ ಮತ್ತು ಜಪಾನ್ ಎರಡನ್ನೂ ಬಡಿಸುತ್ತೇವೆನ್ನುವ ಕೇರಳದ ಹೋಟೆಲಿಗೆ ಮುಟ್ಟಮಾಲಕ್ಕಿಂತ ಒಪ್ಪುವ ಕೊನೆಯ ತಿನಿಸು ನನಗಂತೂ ಹೊಳೆಯುವುದಿಲ್ಲ.

ಬಲಪುಟದಲ್ಲಿ ಮೊದಲು ಕಾತ್ಸು ಕರಿ. ಹಿಟ್ಟು ಬೆರೆಸಿ ಗಟ್ಟಿ ಮಾಡಿದ, ಸ್ವಲ್ಪ ಸಿಹಿಯಾದ ಕಂದು ಸಾರು, ಅನ್ನ, ಮೇಲೆ ಕರಿದ ಕೋಳಿ. ಈ ಬಗೆಯ ಕರಿ ಜಪಾನಿಗೆ ಹೋದದ್ದು ಬ್ರಿಟಿಷರ ಮೂಲಕ, ಮೆಯ್ಜಿ ಕಾಲದಲ್ಲಿ. ಅದಕ್ಕೆ ಭಾರತದ ಕೈಯ ರುಚಿ ತೋರಿಸಿದವರಲ್ಲಿ ಇಬ್ಬರು ಸ್ವಾತಂತ್ರ್ಯ ಹೋರಾಟಗಾರರು. ಟೋಕಿಯೊದ ಶಿಂಜುಕುವಿನ ನಕಾಮುರಾಯಾ ಅಂಗಡಿಯಲ್ಲಿ 1927ರಲ್ಲಿ ರಾಸ್ ಬಿಹಾರಿ ಬೋಸರ ಕರಿ ಮಾರಾಟಕ್ಕೆ ಬಂತು. ಅವರ ಒಡನಾಡಿಯಾಗಿದ್ದ ಎ. ಎಂ. ನಾಯರ್ ತಿರುವನಂತಪುರದವರು. ಎಂಜಿನಿಯರಿಂಗ್ ಓದಲು 1928ರಲ್ಲಿ ಕ್ಯೋಟೊಗೆ ಹೋದವರು ಹೋರಾಟಕ್ಕಿಳಿದು ಅಲ್ಲೇ ನೆಲೆ ನಿಂತರು. ಯುದ್ಧ ಮುಗಿದ ಮೇಲೆ, 1949ರಲ್ಲಿ, ಗಿಂಜಾದಲ್ಲಿ ನಾಯರ್ಸ್ ರೆಸ್ಟೋರೆಂಟ್ ತೆರೆದರು. ಮನೆಯವರು ಅದನ್ನು ನಡೆಸಿಕೊಂಡು ಬಂದಿದ್ದಾರೆ. ತಿರುವನಂತಪುರದ ಮಗನೊಬ್ಬ ಟೋಕಿಯೊದವರಿಗೆ ಅನ್ನ ಕರಿ ಬಡಿಸಿದ ಕತೆ ಗೊತ್ತಿದ್ದರೆ ಎರ್ನಾಕುಲಂನಲ್ಲಿ ಕಾತ್ಸು ಕರಿ ತಿನ್ನುವ ಖುಷಿಯೇ ಬೇರೆ. ನಮ್ಮ ತಟ್ಟೆಯದೂ ಚೆನ್ನಾಗಿತ್ತು.

ಸುಶಿ ಬಂದಾಗ ಮನಸ್ಸು ಸ್ವಲ್ಪ ಭಾರವಾಯಿತು. ಒಂದು ಕಾರಣ ಅನ್ನ. ಸುಶಿಯಲ್ಲಿ ಮೀನಿಗಿಂತ ಅನ್ನ ದೊಡ್ಡದು. ಬಿಸಿ ಅನ್ನಕ್ಕೆ ವಿನೆಗರ್, ಸಕ್ಕರೆ, ಉಪ್ಪು ಬೆರೆಸಿ, ಬೀಸಣಿಗೆಯಿಂದ ಗಾಳಿ ಹಾಕಿ, ಮೈಯ ಬಿಸಿಯಷ್ಟಿರುವಾಗಲೇ ಕಟ್ಟಬೇಕು. ನಮಗೆ ಬಂದದ್ದು ಫ್ರಿಜ್ಜಿನ ತಣ್ಣಗಿನ ಅನ್ನ, ಹಲ್ಲಿಗೆ ಗಟ್ಟಿ. ಇನ್ನೊಂದು ಕಾರಣ ಮೀನು. ಪಟ್ಟಿಯಲ್ಲಿದ್ದ ಸುಶಿಗಳಲ್ಲಿ ಹೆಚ್ಚಿನವಕ್ಕೆ ನಾರ್ವೆಯ ಸಾಲ್ಮನ್, ಉಳಿದವಕ್ಕೆ ಬಹುಪಾಲು ಏಡಿ ಕಡ್ಡಿ ಮತ್ತು ಸಿಗಡಿ.

ಹಸಿ ಸಾಲ್ಮನ್ ಜಪಾನಿನ ಹಳೆಯ ಪದ್ಧತಿಯಲ್ಲ. ಅಲ್ಲಿನ ಕಡಲಿನ ಸಾಲ್ಮನ್‌ನಲ್ಲಿ ಹುಳುವಿನ ಭಯವಿದ್ದುದರಿಂದ ಜನ ಅದನ್ನು ಉಪ್ಪು ಹಾಕಿ, ಸುಟ್ಟು ತಿನ್ನುತ್ತಿದ್ದರು. 1980ರ ದಶಕದ ಮಧ್ಯದಲ್ಲಿ ನಾರ್ವೆಯವರು ತಮ್ಮ ಸಾಕಣೆಯ ಸಾಲ್ಮನ್‌ಗೆ ಗಿರಾಕಿ ಹುಡುಕುತ್ತ ಜಪಾನಿನಲ್ಲಿ ದೊಡ್ಡ ಪ್ರಚಾರ ನಡೆಸಿ ಅದನ್ನು ಸುಶಿಯ ಮೇಲೆ ಕೂರಿಸಿದರು. ಇದೇ ನಾರ್ವೆ ಅದಕ್ಕೂ ಮೂರು ದಶಕ ಮೊದಲು ಕೇರಳಕ್ಕೆ ಬಂದಿತ್ತು. ಕೊಲ್ಲಂ ಹತ್ತಿರದ ನೀಂಡಕರದಲ್ಲಿ 1953ರಲ್ಲಿ ಶುರುವಾದ ಇಂಡೋ-ನಾರ್ವೀಜಿಯನ್ ಯೋಜನೆ ನಮ್ಮ ಮೀನುಗಾರರಿಗೆ ಯಂತ್ರದ ದೋಣಿ, ಐಸ್ ಪ್ಲಾಂಟ್ ಕೊಟ್ಟಿತು. 1963ರಲ್ಲಿ ಅದು ಎರ್ನಾಕುಲಂಗೆ ಬಂತು, ನಮ್ಮ ಕಾರವಾರಕ್ಕೂ ಹರಡಿತು. ಇದರ ಜೊತೆಜೊತೆಗೇ, 1953ರಿಂದ, ಕೊಚ್ಚಿಯ ಹೆಪ್ಪುಗಟ್ಟಿಸಿದ ಸಿಗಡಿ ಅಮೆರಿಕಕ್ಕೆ ಹಡಗು ಹತ್ತತೊಡಗಿತು. 1970ರ ದಶಕದ ಕೊನೆಯಿಂದ ಸುಮಾರು ಎರಡು ದಶಕ ಭಾರತದ ಸಿಗಡಿಗೆ ಅತಿದೊಡ್ಡ ಗಿರಾಕಿ ಜಪಾನೇ. ಅರೂರು, ಚಂದಿರೂರಿನ ಶೆಡ್ಡುಗಳಲ್ಲಿ ಹೆಂಗಸರು ಐಸು ನೀರಿನಲ್ಲಿ ಕೈಯದ್ದಿಕೊಂಡು ಸುಲಿದ ಸಿಗಡಿ ಟೋಕಿಯೊದ ಟೆಂಪುರಾ ಆಗುತ್ತಿತ್ತು. ಸುಲಿದವರಿಗೆ ಆ ಟೆಂಪುರಾ ತಿನ್ನುವ ಅವಕಾಶವಿರಲಿಲ್ಲ.

ಏಡಿ ಕಡ್ಡಿಯ ಪ್ರಯಾಣ ಇನ್ನೂ ಉದ್ದ. ಕೆಂಪು ಬಣ್ಣ ಬಳಿದ ಆ ಬಿಳಿ ಕಡ್ಡಿಯಲ್ಲಿ ಸಾಮಾನ್ಯವಾಗಿ ಏಡಿಯ ಮಾಂಸವೇ ಇರುವುದಿಲ್ಲ. ಮೀನನ್ನು ಅರೆದು, ತಣ್ಣೀರಿನಲ್ಲಿ ಮತ್ತೆ ಮತ್ತೆ ತೊಳೆದು ವಾಸನೆ, ಕೊಬ್ಬು ತೆಗೆದು, ಸಕ್ಕರೆ ಬೆರೆಸಿ ಹೆಪ್ಪುಗಟ್ಟಿಸಿದ ಮುದ್ದೆಗೆ ಸುರಿಮಿ ಎನ್ನುತ್ತಾರೆ. ಅದರಿಂದ ಏಡಿಯ ರುಚಿಯ ಕಡ್ಡಿ ಮಾಡುವುದನ್ನು ಜಪಾನಿನವರು ಕಂಡುಹಿಡಿದದ್ದು 1970ರ ದಶಕದ ಆರಂಭದಲ್ಲಿ. ಭಾರತದಲ್ಲಿ ಸುರಿಮಿಗೆ ಹೆಚ್ಚಾಗಿ ಹೋಗುವ ಮೀನು ಮಂಗಳೂರಿನವರ ಮದ್ಮಲ್, ಕೇರಳದವರ ಕಿಳಿಮೀನ್. ಕರ್ನಾಟಕ, ಮಹಾರಾಷ್ಟ್ರ, ಗುಜರಾತ್ ಕರಾವಳಿಯ ಕಾರ್ಖಾನೆಗಳಿಂದ ಸುರಿಮಿಯ ಗಟ್ಟಿಗಳು ಜಪಾನಿಗೆ, ಥಾಯ್ಲೆಂಡಿಗೆ ಹೋಗುತ್ತವೆ. ಅಲ್ಲಿ ಬಣ್ಣ, ಪರಿಮಳ ಪಡೆದ ಕಡ್ಡಿಗಳು ದೇಶದೇಶಗಳ ಹೋಟೆಲುಗಳಿಗೆ ಹೊರಡುತ್ತವೆ. ಕಡಲು ದಾಟಿ ತಿರುಗಿ ಬಂದ ಮದ್ಮಲ್ ಎರ್ನಾಕುಲಂನ ಸುಶಿಯೊಳಗೂ ಇರಬಹುದು. ಮಸಾಲೆ ಹಚ್ಚಿ ಕಾವಲಿಯಲ್ಲಿ ಹುರಿದರೆ ಎಷ್ಟು ಸೊಗಸಾದ ಮೀನು ಅದು!

ಮಿಸೊ ಸೂಪಿನಲ್ಲೂ ಇಂಥದೇ ಒಂದು ನಂಟು ಅಡಗಿದೆ. ಜಪಾನಿ ಅಡುಗೆಯ ತಳಪಾಯ ದಾಶಿ ಎಂಬ ತಿಳಿಸಾರು. ಕೊಂಬು ಎಂಬ ಕಡಲಪಾಚಿ ಮತ್ತು ಕಾತ್ಸುಒಬುಶಿ ಎಂಬ ಒಣಮೀನಿನ ಹೆರೆಗಳಿಂದ ಮಾಡುವಂಥದ್ದು. ಕೊಂಬುವಿನ ರುಚಿಯ ಗುಟ್ಟನ್ನು ಕಿಕುನೆ ಇಕೆದಾ 1908ರಲ್ಲಿ, ಒಣಮೀನಿನ ರುಚಿಯ ಗುಟ್ಟನ್ನು ಅವರ ಶಿಷ್ಯ ಶಿಂತಾರೊ ಕೊದಾಮಾ 1913ರಲ್ಲಿ ಬಿಡಿಸಿದರು. ಆ ಒಣಮೀನು ಸ್ಕಿಪ್‌ಜಾಕ್ ಟ್ಯೂನಾ: ಬೇಯಿಸಿ, ಹೊಗೆ ಹಾಕಿ, ಒಣಗಿಸಿ, ಕಟ್ಟಿಗೆಯಷ್ಟು ಗಟ್ಟಿ ಮಾಡಿದ್ದು. ಲಕ್ಷದ್ವೀಪದ ಮಿನಿಕಾಯ್‌ನಲ್ಲಿ ಇದೇ ಮೀನನ್ನು ಗಾಳದ ಕೋಲಿನಿಂದ ಹಿಡಿದು, ಬೇಯಿಸಿ, ಹೊಗೆ ಹಾಕಿ, ಬಿಸಿಲಿಗೆ ಒಣಗಿಸಿ ಮಾಸ್ ಎಂಬ ಒಣಮೀನು ಮಾಡುತ್ತಾರೆ. ಜಪಾನಿನವರು ಕೊನೆಗೆ ಬೂಷ್ಟು ಬೆಳೆಸುವ ಹಂತವೊಂದನ್ನು ಸೇರಿಸುತ್ತಾರೆ, ದೊಡ್ಡ ವ್ಯತ್ಯಾಸ ಅಷ್ಟೇ. ಲಕ್ಷದ್ವೀಪದ ಹಡಗುಗಳು ಬಂದು ನಿಲ್ಲುವುದು ಇದೇ ಕೊಚ್ಚಿಯಲ್ಲಿ. ಅಮಿನಿ, ಕಡಮತ್, ಕಿಲ್ತಾನ್ ಮುಂತಾದ ಅಮಿನ್‌ದಿವಿ ದ್ವೀಪಗಳಂತೂ 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಮಾಸ್ ಹೆರೆದು ಹಾಕಿದ ದಾಶಿ ಮಾಡಲು ಕೊಚ್ಚಿಗಿಂತ ತಕ್ಕ ಊರು ಭಾರತದಲ್ಲಿಲ್ಲ. ನಮಗೆ ಬಂದ ಸೂಪು ಪುಡಿಯಿಂದ ಮಾಡಿದ್ದು.

ಸುಶಿ ಕಟ್ಟುತ್ತಿದ್ದ ಹುಡುಗ ಮಣಿಪುರದವನು. ಮನೆಯಲ್ಲಿ ಙಾರಿ ಎಂಬ ಹುದುಗಿಸಿದ ಮೀನು ತಿಂದು ಬೆಳೆದವನಾದ್ದರಿಂದ ಥಾಯ್ ಸಿಗಡಿ ಪೇಸ್ಟಿನ ವಾಸನೆಗೆ ಒಗ್ಗಿಕೊಳ್ಳಲು ಕಷ್ಟವೇ ಆಗಲಿಲ್ಲವಂತೆ. ಹಿಂದಿಯಲ್ಲೂ ಮಲಯಾಳದಲ್ಲೂ ಸಲೀಸಾಗಿ ಮಾತಾಡುತ್ತಾನೆ. ಅಕ್ಕ ಎದ್ದು ಕೌಂಟರಿನ ಹತ್ತಿರ ಹೋಗಿ, ಬಂಗುಡೆಯ ಸುಶಿ ಮಾಡುತ್ತೀರಾ ಎಂದು ಮಲಯಾಳದಲ್ಲಿ ಕೇಳಿದಳು. ಇದೆ ಚೇಚಿ, ಆದರೆ ಅದೂ ನಾರ್ವೆಯಿಂದ ಬರುವ ಫ್ರೋಜನ್ ಮೀನು ಎಂದ ಅವನು.

“ತೋಪ್ಪುಂಪಡಿ ಬಂದರು ಇಲ್ಲಿಂದ ಎಷ್ಟು ದೂರ ಮಗಾ?” ಎಂದು ಅಕ್ಕ ಮಗಳ ಕಡೆ ತಿರುಗಿದಳು.

“ಟ್ರಾಫಿಕ್ ಇಲ್ಲದಿದ್ದರೆ ಕಾಲು ಗಂಟೆ ಅಮ್ಮಾ.”

ಹತ್ತಿರದ ಮೀನು ಬಿಟ್ಟು ದೂರದ್ದನ್ನು ತರಿಸುವುದಕ್ಕೆ ಹೋಟೆಲಿನವರ ಬಳಿ ಕಾರಣವಿದೆ. ಅದು ಸುಳ್ಳಲ್ಲ. ಬಂಗುಡೆ, ಟ್ಯೂನಾ ಜಾತಿಯ ಮೀನು ಸೆಕೆಯಲ್ಲಿ ಸ್ವಲ್ಪ ಹೊತ್ತು ಬಿದ್ದಿದ್ದರೂ ಹಿಸ್ಟಮಿನ್ ಕಟ್ಟಿಕೊಂಡು ತಿಂದವರಿಗೆ ಮೈ ತುರಿಕೆ, ತಲೆನೋವು ತರುತ್ತದೆ, ಬೇಯಿಸಿದರೂ ಅದು ಹೋಗದು. ತೋಪ್ಪುಂಪಡಿಯಿಂದ ಟ್ಯೂನಾ ಹಿಡಿಯಲು ಹೊರಡುವ, ತೂತ್ತೂರು ಎಂಬ ಊರಿನ ಮೀನುಗಾರರು ವಾರಗಟ್ಟಲೆ ಆಳಸಮುದ್ರದಲ್ಲಿರುತ್ತಾರೆ. ಹಿಡಿದ ತಕ್ಷಣ ರಕ್ತ ಬಸಿದು, ಕರುಳು ತೆಗೆದು, ಐಸಿನಲ್ಲಿ ಮುಳುಗಿಸಿಡಲು ಜಾಗ, ಐಸು, ಆಳು ಎಲ್ಲ ಬೇಕು, ಅಷ್ಟಕ್ಕೆ ತಕ್ಕ ಬೆಲೆಯೂ ಬೇಕು. ಆ ಬೆಲೆ ಕೊಡುವ ಗಿರಾಕಿ ಊರಿನಲ್ಲೇ ಇದ್ದರೆ ದೋಣಿಯವರು ಮಾಡದೆ ಇರುತ್ತಾರೆಯೇ? ಸಾಲ್ಮನ್‌ಗೆ ವಿಮಾನದ ಬಾಡಿಗೆ ಕೊಡುವ ಹೋಟೆಲುಗಳು ಅದರಲ್ಲೊಂದು ಪಾಲನ್ನು ತೂತ್ತೂರಿನವರಿಗೆ ಕೊಡಲಿ. ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ, ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಎರಡೂ ಇದೇ ಊರಿನಲ್ಲಿವೆ. ತಿಳಿವಳಿಕೆಗೆ ಕೊರತೆಯಿಲ್ಲ.

ಬಂಗುಡೆಯಿಂದ ಶುರು ಮಾಡುವುದು ಇನ್ನೂ ಸುಲಭ. ಜಪಾನಿನಲ್ಲೇ ಅದಕ್ಕೆ ದಾರಿಯಿದೆ. ವಕಾಸಾ ಕರಾವಳಿಯಲ್ಲಿ ಉಪ್ಪು ಹಚ್ಚಿದ ಬಂಗುಡೆ ಜಾತಿಯ ಮೀನನ್ನು ಹೊತ್ತು ಬೆಟ್ಟ ದಾಟಿ ಕ್ಯೋಟೊಗೆ ನಡೆಯುತ್ತಿದ್ದ ಹಾದಿಗೆ ಇಂದಿಗೂ ಆ ಮೀನಿನದೇ ಹೆಸರು. ಕಡಲಿಲ್ಲದ ಕ್ಯೋಟೊ ನಗರ ಆ ಉಪ್ಪುಮೀನಿಗೆ ವಿನೆಗರ್ ಹಾಕಿ ಅನ್ನದ ಮೇಲಿಟ್ಟು ತನ್ನ ಹಬ್ಬದ ಸುಶಿ ಮಾಡಿಕೊಂಡಿತು. ನಾನು ಆ ಹುಡುಗನಿಗೆ ಹೇಳಿದ್ದು ಇಷ್ಟು: ಟ್ರಾಲಿಂಗ್ ನಿಷೇಧ ಮುಗಿದು ಸೆಪ್ಟೆಂಬರ್ ಬರಲಿ. ಹಿಡಿದ ಗಳಿಗೆಯಿಂದ ಐಸಿನಲ್ಲೇ ಇದ್ದ ಬಂಗುಡೆಯನ್ನು ಒಬ್ಬನೇ ದೋಣಿಯವನ ಹತ್ತಿರ ಮಾತು ಮಾಡಿಕೊಂಡು ತರಿಸು. ಎರಡು ಸೀಳು ಮಾಡಿ ಉಪ್ಪಿನಲ್ಲಿಡು, ತೊಳೆದು ತೆಂಗಿನ ಕಳ್ಳಿನ ವಿನೆಗರಿನಲ್ಲಿ ನೆನೆಸು. ಹುಳುವಿನ ಭಯ ಹೋಗಲು ಮೈನಸ್ 20 ಡಿಗ್ರಿಯಲ್ಲಿ ಏಳು ದಿನ ಇಡು. ಆಮೇಲೆ ಬಿಸಿಯಾರದ ಅನ್ನದ ಮೇಲೆ ಕೂರಿಸು. ಅವನು ಆರ್ಡರ್ ಬರೆಯುವ ಚೀಟಿಯ ಹಿಂಬದಿಗೆ ಇದನ್ನು ಹಿಂದಿಯಲ್ಲಿ ಬರೆದುಕೊಂಡು, ಕಳ್ಳಿನ ವಿನೆಗರ್ ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂದು ಅಕ್ಕನನ್ನು ಕೇಳಿದ.